ಎಳ್ಳಮಾಸಿಯ ಸುತ್ತು, ಸದ್ದಿಲ್ಲದ ಗಾಡಿ

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಗುವ ಮನಸ್ಸು ನಿಮಗೂ ಬರಲಿಕ್ಕಿಲ್ಲ.

ನನ್ನ ಹೆಸರು ಕಾಶಿನಾಥ. ಹುಮನಾಬಾದಿನಲ್ಲಿ ಪಂಪು, ಪೈಪು ಮಾರುವ ಅಂಗಡಿ ನನ್ನದು. ದಿನವಿಡೀ ಗಿರಾಕಿಗಳ ಜೊತೆ ಬಾಯಿ ಹರಿದುಕೊಳ್ಳುವ ಮನುಷ್ಯ. ಯಾರಾದರೂ ಅಂಗಡಿ ಕಟ್ಟೆಯ ಮೇಲೆ ಕೂತು ದೆವ್ವದ ಮಾತು ತೆಗೆದರೆ, "ನಡೀರಿ ನಡೀರಿ, ಧಂದೆ ಟೈಮ್ ಅದ" ಅಂತ ಎಬ್ಬಿಸಿ ಕಳಿಸಿದವನು. ಅಂಥ ನಾನೇ ಈಗ ಇದನ್ನು ಹೇಳುತ್ತಿದ್ದೇನೆ ಅಂದರೆ ತಿಳಿದುಕೊಳ್ಳಿ. ನಡೆದದ್ದು ನನಗೇ, ನನ್ನ ಅಣ್ಣನಿಗೇ... ಹೊಲ ಇನ್ನೂ ಅಲ್ಲೇ ಇದೆ. ಬಾವಿಯೂ ಇದೆ.

ಮೊದಲು ಅಣ್ಣನ ವಿಷಯ. ಶರಣಪ್ಪಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಅಪ್ಪ ಹೋದಾಗ ನನಗೆ ಐದು ವರ್ಷ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಇವನೇ. ಈಗ ಬಸವಕಲ್ಯಾಣದ ಕಡೆ ನಮ್ಮ ಹೊಲ ನೋಡಿಕೊಂಡು ವೈನಿಯ, ಅಂದರೆ ನನ್ನ ಅತ್ತಿಗೆಯ ಜೊತೆ ಊರಲ್ಲೇ ಇದ್ದಾನೆ. ಆ ವರ್ಷ ಅವನ ಎರಡೂ ಮೊಣಕಾಲು ಆಪರೇಷನ್ ಆಗಿ ಎರಡೇ ತಿಂಗಳಾಗಿತ್ತು. ಮನೆಯಲ್ಲಿ ಕೋಲು ಹಿಡಿದು ನಡೆಯಬಹುದು, ಹೊಲದ ಹೆಂಟೆಯ ಮೇಲೆ ಕಾಲಿಡಲೇಬಾರದು, ಬಿದ್ದರೆ ಮತ್ತೆ ಏಳುವುದು ಕಷ್ಟ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ದರು.

ಇನ್ನು ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ನಮ್ಮ ಬೀದರ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿ ಇರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ. ಊಟಕ್ಕೆ ಮೊದಲು ಹೊಲದ ಸುತ್ತ ಚರಗ ಚೆಲ್ಲಬೇಕು. ಅಂದರೆ, ಭೂಮಿತಾಯಿಗೆ ಅಂತ ಮಾಡಿದ ಅಡಿಗೆಯನ್ನು ಬದುವಿನ ಗುಂಟ ಹಿಡಿ ಹಿಡಿಯಾಗಿ ಎಸೆಯುತ್ತ ಹೋಗುವುದು. ಮುಂದಿನವನು ಎಸೆಯುತ್ತ "ಓಲಗ್ಯಾ ಓಲಗ್ಯಾ" ಅಂತ ಕೂಗುತ್ತಾನೆ. ಹಿಂದಿನವನು ತಂಬಿಗೆಯಿಂದ ನೀರು ಚಿಮುಕಿಸುತ್ತ "ಚಲ್ಲಂ ಪೊಲಗ್ಯಾ" ಅಂತ ಉತ್ತರ ಕೊಡುತ್ತಾನೆ. ಸುತ್ತು ಶುರುಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ಹಿಂದೆ ತಿರುಗಿ ನೋಡುವಂತಿಲ್ಲ. ನಮ್ಮ ಮನೆಯಲ್ಲಿ ಮುಂದೆ ಅಣ್ಣ, ಹಿಂದೆ ನಾನು. ನಾನು ಚಡ್ಡಿ ಹಾಕುವಾಗಿನಿಂದಲೂ ಹೀಗೇ.

ಆ ವರ್ಷದ ತಪ್ಪೆಲ್ಲ ನನ್ನದು. ದಸರೆಗೆ ಹೊಸ ಇಲೆಕ್ಟ್ರಿಕ್ ಎಸ್‌ಯುವಿ ತಂದಿದ್ದೆ. ಗುಡ್ಡ ಏರುತ್ತದೆ, ಕೆಸರು ದಾಟುತ್ತದೆ ಅಂತ ಶೋರೂಮಿನವರು ಕೊಡುವಾಗ ಹೇಳಿದ್ದರು. ನಾನೋ, ಅದನ್ನು ಹುಮನಾಬಾದಿನ ಬಜಾರು ಬಿಟ್ಟು ಬೇರೆಲ್ಲೂ ಓಡಿಸಿರಲಿಲ್ಲ. ಹೊಲಕ್ಕೆ ಇಳಿಸಿ ಎಲ್ಲರ ಕಣ್ಣು ಕುಕ್ಕಬೇಕು ಅಂತ ಕೈ ತುರಿಸುತ್ತಿತ್ತು.

ಅಮಾವಾಸ್ಯೆ ದಿನ ಮಧ್ಯಾಹ್ನವೇ ಬರುತ್ತೇನೆ ಅಂದಿದ್ದೆ. ಹೆಂಡತಿ ತವರಿಗೆ ಹೋಗಿದ್ದಳು, ಅಂಗಡಿಯಲ್ಲಿ ಒಬ್ಬ ಗಿರಾಕಿ ಗಂಟುಬಿದ್ದ. ಆಮೇಲೆ ಹೈವೇಯ ಚಾರ್ಜಿಂಗ್ ಕಡೆ ನನ್ನ ಮುಂದೆ ಎರಡು ಗಾಡಿ. ಹೊಲ ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿ ಕಪ್ಪು ಕಪ್ಪಾಗಿತ್ತು. ಏಳೂವರೆ ಇರಬಹುದು. ಸುತ್ತಲಿನ ಹೊಲಗಳೆಲ್ಲ ಖಾಲಿ, ಬಂದವರು ಉಂಡು ಮನೆ ಸೇರಿದ್ದರು. ಜೋಳದ ಕಣಿಕೆಯ ಗುಡಿಸಲಿನ ಮುಂದೆ ಒಂದು ಕಂದೀಲು, ಅಣ್ಣ, ವೈನಿ... ಇಷ್ಟೇ.

ಅವರಿಬ್ಬರೂ ಉಂಡಿರಲಿಲ್ಲ. ಚರಗವನ್ನೂ ಚೆಲ್ಲಿರಲಿಲ್ಲ. ನನಗಾಗಿ ಕಾದಿದ್ದರು.

"ನೀ ಬರದೆ ಹ್ಯಾಂಗ ಚೆಲ್ಲಲೋ ಕಾಶ್ಯಾ?" ಅಂದ ಅಣ್ಣ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಗಾಡಿಯನ್ನು ಒಂದು ಸುತ್ತು ನೋಡಿ, "ಇದಕ್ಕ ಬಾಯೇ ಇಲ್ಲಲ್ಲೋ! ಬಂದಿದ್ದೂ ಗೊತ್ತಾಗಲಿಲ್ಲ" ಅಂತ ನಕ್ಕ.

"ಕಳ್ಳರಿಗಿ ಚೊಲೋ ಅದ ಬಿಡು" ಅಂದರು ವೈನಿ.

ಅಣ್ಣ ಕೋಲು ಊರಿ ಎದ್ದು ಬುಟ್ಟಿಗೆ ಕೈ ಹಾಕಿದ. ನಡೆದೇ ಸುತ್ತು ಹಾಕುವ ಅಂದಾಜು.

"ಅಣ್ಣಾ, ಖುಳ್ಳನಂಗ ಹುಚ್ಚಾಟ ಮಾಡಬ್ಯಾಡ. ಗಾಡ್ಯಾಗ ಕೂಡು. ಕಿಟಕಿಂದ ಚೆಲ್ಲು. ನಾ ಓಡಸ್ತೀನಿ, ಅಲ್ಲಿಂದೇ ಜವಾಬು ಕೊಡ್ತೀನಿ. ಇಂಥಾದ್ದಕ್ಕೇ ತಂದೀನಿ ಇದನ್ನ."

ವೈನಿಗೆ ಅದು ಸರಿಬರಲಿಲ್ಲ. "ಹೊತ್ತು ಮುಳುಗ್ಯಾದ, ನಾಳಿ ಮುಂಜಾನಿ ಮಾಡ್ರಿ. ಮ್ಯಾಲ ಹಿಂದ ಒಬ್ಬರು ಇರಬೇಕಪ್ಪ ಕಾಶಿ. ನೀ ಬಾಜೂಕ್ಕ ಕೂತ್ರ ಹಿಂದಿಂದು ಖಾಲಿ ಆಗ್ತದ."

"ಗಾಡಿ ಹಿಂದ ಕ್ಯಾಮೆರಾ ಅದರಿ ವೈನಿ, ಅದೇ ನೋಡ್ಕೋತದ" ಅಂತ ಚಾಷ್ಟಿ ಮಾಡಿದೆ. ತಂಬಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಹೊಸ ಸೀಟಿನ ಮೇಲೆ ನೀರು ಚೆಲ್ಲುತ್ತದೆ ಅಂತ.

ಆ ಮಾತು ನೆನಪಾದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅಣ್ಣ ಎಡಗಡೆ ಮುಂದಿನ ಸೀಟಿನಲ್ಲಿ ಕೂತ. ಬುಟ್ಟಿ ತೊಡೆಯ ಮೇಲೆ. ಎರಡೂ ಕಡೆ ಗಾಜು ಇಳಿಸಿದೆ. ಬದುವಿನ ಒಳಗಡೆ ಬಂಡಿ ಹೋಗುವಷ್ಟು ದಾರಿ. ಆ ಕಡೆ ಕುಸುಬೆಯ ಮುಳ್ಳು, ಈ ಕಡೆ ಕಡಲೆ. ಗಾಡಿ ಹೊಯ್ದಾಡುತ್ತ ನಡೆಯಿತು. ಇಂಜಿನ್ ಸದ್ದಿಲ್ಲ. ಗಾಲಿಯ ಕೆಳಗೆ ಹೆಂಟೆ ಒಡೆಯುವ ಪುಡುಪುಡು, ಕಡಲೆ ಗಿಡದ ಹುಳಿ ವಾಸನೆ, ಅಣ್ಣನ ಬುಟ್ಟಿಯಿಂದ ಭಜ್ಜಿಯ ಘಮ.

"ಓಲಗ್ಯಾ ಓಲಗ್ಯಾ..."

"ಚಲ್ಲಂ ಪೊಲಗ್ಯಾ!"

ಮೊದಲನೇ ಬದು ಚೆನ್ನಾಗಿಯೇ ಆಯಿತು. ಅಣ್ಣ ಹುಡುಗನಂತೆ ಖುಷಿಯಾಗಿದ್ದ. "ಜೀಪಿನ್ಯಾಗ ಚರಗ ಚೆಲ್ಲೋ ನವಾಬ ನಾನೇ ನೋಡು" ಅಂದ. ನನಗೂ ನಗು ಬಂತು.

ಎರಡನೇ ಬದುವಿಗೆ ತಿರುಗಿದೆವು.

"ಓಲಗ್ಯಾ ಓಲಗ್ಯಾ..."

"ಚಲ್ಲಂ ಪೊಲಗ್ಯಾ" ಅಂದೆ. ಅಂದು ಬಾಯಿ ಮುಚ್ಚುವಷ್ಟರಲ್ಲಿ ಹಿಂದಿನಿಂದ ಅದೇ ಮಾತು... ಮೆಲ್ಲಗೆ. ಪ್ರತಿಧ್ವನಿ ಅಂದುಕೊಂಡೆ. ಆದರೆ ನಮ್ಮದು ಅಂಗೈಯಂಥ ಸಪಾಟು ಹೊಲ. ಗುಡ್ಡವಿಲ್ಲ, ಗೋಡೆಯಿಲ್ಲ. ಈ ಹೊಲದಲ್ಲಿ ನಲವತ್ತು ವರ್ಷ ಕೂಗಿದ್ದೇನೆ, ಒಂದು ದಿನವೂ ಪ್ರತಿಧ್ವನಿ ಕೇಳಿಲ್ಲ.

ಮತ್ತೊಮ್ಮೆ ಅಣ್ಣ ಕೂಗಿದ. ನಾನು ಉತ್ತರಿಸಿದೆ. ಹಿಂದಿನಿಂದಲೂ ಬಂತು. ಈ ಸಲ ಸ್ವಲ್ಪ ಹತ್ತಿರ. ಹಳೆಯ ಡೀಸೆಲ್ ಗಾಡಿಯಾಗಿದ್ದರೆ ನಮಗೆ ಏನೂ ಕೇಳುತ್ತಿರಲಿಲ್ಲ. ಈ ಗಾಡಿಯಲ್ಲಿ ಎಲ್ಲ ಕೇಳುತ್ತಿತ್ತು.

ಅಣ್ಣನ ಮುಖ ನೋಡಿದೆ. ಅವನು ಆರಾಮಾಗಿ ಹೊರಗೆ ನೋಡುತ್ತಿದ್ದ. ಸರಿ, ನನ್ನ ಕಿವಿಯದೇ ದೋಷ ಅಂದುಕೊಂಡೆ. ಆದರೂ ಮೂರನೇ ಬದುವಿನಲ್ಲಿ ಒಂದು ಪರೀಕ್ಷೆ ಮಾಡಿದೆ. ಅಣ್ಣ "ಓಲಗ್ಯಾ ಓಲಗ್ಯಾ" ಅಂದಾಗ ನಾನು ಬಾಯಿ ಬಿಡಲಿಲ್ಲ. ತುಟಿ ಕಚ್ಚಿ ಕೂತೆ.

ಒಂದು ಕ್ಷಣ ಏನೂ ಇಲ್ಲ.

ಆಮೇಲೆ... "ಚಲ್ಲಂ ಪೊಲಗ್ಯಾ."

ನನ್ನ ದನಿ. ನನ್ನದೇ. ಗಂಟಲಲ್ಲಿ ಸ್ವಲ್ಪ ಕಫ ಸಿಕ್ಕಿಕೊಂಡಂಥ ನನ್ನ ಗೊಗ್ಗರು ದನಿ. ಗಾಡಿಯ ಹಿಂಬದಿಗೆ ಅಂಟಿಕೊಂಡು ನಡೆಯುತ್ತಿರುವವರು ಅಂದಂತೆ.

ಅಣ್ಣ ನಿಶ್ಚಿಂತೆಯಿಂದ ಮತ್ತೊಂದು ಹಿಡಿ ತೆಗೆದು ಹೊರಗೆ ಎಸೆದ. ನಾನು ಉತ್ತರ ಕೊಟ್ಟಿಲ್ಲ ಅಂತ ಅವನಿಗೆ ಗೊತ್ತೇ ಆಗಿರಲಿಲ್ಲ.

"ಅಣ್ಣಾ, ಸಾಕು ನಡಿ, ಗುಡಿಸಲಿಗಿ ಹೋಗಮು" ಅಂದೆ.

"ಹುಚ್ಚೇನೋ? ಸುತ್ತು ಅರ್ಧಕ್ಕ ಬಿಡ್ತಾರೇನು? ಇನ್ನ ಒಂದೇ ಬದು ಅದ."

ಆ ಕೊನೆಯ ಬದುವಿನ ಮೂಲೆಯಲ್ಲೇ ಬಾವಿ. ಆಗ ಕಟ್ಟೆಯಿರಲಿಲ್ಲ, ಬಾಯಿ ತೆರೆದುಕೊಂಡು ನೆಲಸಮ ಇತ್ತು. ಹಗಲಲ್ಲೂ ಗೊತ್ತಿದ್ದವರೇ ಹುಷಾರಾಗಿ ಹೋಗಬೇಕಿತ್ತು. ಬೇಗ ದಾಟಿಬಿಡೋಣ ಅಂತ ವೇಗ ಹೆಚ್ಚಿಸಿದೆ. ಪಕ್ಕದ ಹೊಲದವರು ನೀರು ಬಿಟ್ಟಿದ್ದು ನಮ್ಮ ಕಡೆ ಹರಿದಿತ್ತು ಅನ್ನುವುದು ನನಗೇನು ಗೊತ್ತು? ಎರೆ ಮಣ್ಣು. ಗಾಡಿ ಅಡಿಯವರೆಗೆ ಕೂತುಬಿಟ್ಟಿತು.

ಕೆಸರು ದಾಟಲಿಕ್ಕೆ ಅಂತ ಗಾಡಿಯಲ್ಲಿದ್ದ ಬಟನ್ ಒತ್ತಿದೆ. ಗಾಲಿಗಳು ಗರಗರ ತಿರುಗಿ ಕೆಸರು ಮೇಲೆ ಹಾರಿತೇ ಹೊರತು ಗಾಡಿ ಒಂದಿಂಚು ಕದಲಲಿಲ್ಲ. ರಿವರ್ಸ್ ಹಾಕಿದೆ. ಮುಂದಿನ ಪರದೆಯ ಮೇಲೆ ಹಿಂದಿನ ಚಿತ್ರ ಬಂತು.

ನಮ್ಮ ಗಾಲಿಯ ಗುರುತಿನ ನಡುವೆ, ದಾರಿಯ ಉದ್ದಕ್ಕೂ, ಒಣ ಮಣ್ಣಿನ ಮೇಲೆ ಹನಿ ಹನಿ ಒದ್ದೆ. ಈಗಷ್ಟೇ ಯಾರೋ ತಂಬಿಗೆಯಿಂದ ಚಿಮುಕಿಸಿದಂತೆ. ಮನುಷ್ಯರು ಯಾರೂ ಇಲ್ಲ.

ನಾನು ಅಣ್ಣನಿಗೆ ಹೇಳಲಿಲ್ಲ. ಹೇಳಬೇಕಿತ್ತು.

"ಅಣ್ಣಾ, ಅಲ್ಲಿ ತೊಗರಿ ಕಟ್ಟಿಗಿ ಬಣವಿ ಅದಲ್ಲ, ಒಂದು ಹೊರಿ ತಂದು ಗಾಲಿ ಬುಡಕ ಹಾಕ್ತೀನಿ. ನೀ ಕೆಳಗ ಇಳಿಬ್ಯಾಡ. ಆಣಿ ಹಾಕು ನನ್ನ ಮ್ಯಾಲ."

"ನಿನ್ನ ಆಣಿ ಬಿಡೋ, ಹೋಗಿ ಬಾ" ಅಂದ.

ಮೊಬೈಲಿನ ಬೆಳಕು ಹಿಡಿದು ಮೂವತ್ತು ಹೆಜ್ಜೆ ಹೋಗಿರಬಹುದು. ಬಣವಿಯಿಂದ ಕಟ್ಟಿಗೆ ಎಳೆದೆ. ಒಣ ಎಲೆ ಸರಬರ ಅಂದವು. ಎರಡು ನಿಮಿಷ... ಹೆಚ್ಚೆಂದರೆ ಮೂರು. ತಿರುಗಿ ನೋಡಿದರೆ ಗಾಡಿಯೊಳಗಿನ ದೀಪ ಹತ್ತಿತ್ತು.

ಎಡಗಡೆಯ ಬಾಗಿಲು ತೆರೆದಿತ್ತು. ಸೀಟು ಖಾಲಿ.

ಕೋಲು ಒಳಗೇ ಇತ್ತು. ಬುಟ್ಟಿ ಇರಲಿಲ್ಲ.

"ಅಣ್ಣಾ!" ಅಂತ ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಕತ್ತಲೆಯೊಳಗಿಂದ, ಬಾವಿಯ ಕಡೆಯಿಂದ, ಅಣ್ಣನ ಕೂಗು ಕೇಳಿತು.

"ಓಲಗ್ಯಾ ಓಲಗ್ಯಾ..."

ಅವನಿಗಿಂತ ಆಚೆಯಿಂದ, ನನ್ನ ದನಿ.

"ಚಲ್ಲಂ ಪೊಲಗ್ಯಾ. ಬಾ ಅಣ್ಣಾ, ಹಿಂಗೇ ಬಾ. ಇನ್ನ ಸ್ವಲ್ಪೇ ಅದ."

ಕಟ್ಟಿಗೆ ಬಿಸಾಕಿ ಓಡಿದೆ. ಕೆಸರಲ್ಲಿ ಕಾಲು ಹೂತು ಮುಗ್ಗರಿಸಿದೆ, ಮೊಬೈಲು ಎಲ್ಲೋ ಬಿದ್ದು ಆರಿತು. ಗಾಡಿಯ ದೀಪ ಬೇರೆ ಕಡೆ ಮುಖ ಮಾಡಿತ್ತು. ನಮ್ಮ ಕಡೆ ಕಣ್ಣು ಚುಚ್ಚಿದರೂ ಕಾಣದಂಥ ಕತ್ತಲೆ. ಅಣ್ಣ ಹಾಕಿದ್ದ ಬಿಳಿ ಅಂಗಿ ಮಾತ್ರ ಮಸುಕು ಮಸುಕಾಗಿ ಹತ್ತು ಮಾರು ಮುಂದೆ ಅಲುಗುತ್ತಿತ್ತು.

"ಅಣ್ಣಾ, ನಿಂದ್ರು! ಮುಂದ ಬಾವಿ ಅದ!"

ಅಂಗಿ ನಿಂತಿತು.

"ಅಣ್ಣಾ" ಅಂತು ಆಚೆಯ ದನಿ, ನನ್ನಷ್ಟೇ ಗಾಬರಿಯಿಂದ. "ಬಾವಿ ನಿನ್ನ ಹಿಂದ ಅದ. ಹಿಂದ ಸರಿಬ್ಯಾಡ. ನನ್ನ ಕಡಿ ಬಾ!"

ದೇವರಾಣೆ, ಆ ಕ್ಷಣ ನನಗೇ ಅನುಮಾನ ಬಂತು. ಬಾವಿ ಎಲ್ಲಿದೆ? ನಾನು ಯಾವ ಕಡೆ ಇದ್ದೇನೆ?

"ಕಾಶ್ಯಾ..." ಅಣ್ಣನ ದನಿ ನಡುಗುತ್ತಿತ್ತು. ಅವನು ಹೆದರಿದ್ದನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. "ಎರಡೂ ಕಡಿಂದ ಯಾಕ ಮಾತಾಡಾಕತ್ತಿ? ನೀ ಎಲ್ಲಿದ್ದಿ?"

"ಇಲ್ಲೇ ಇದ್ದೀನಿ!" ಅಂದೆ.

"ಇಲ್ಲೇ ಇದ್ದೀನಿ!" ಅಂತು ಅದು.

ನನಗೆ ಸಿಟ್ಟು ನೆತ್ತಿಗೇರಿತು. ಹೆದರಿಕೆಗೆ ನನಗೆ ಬರುವುದು ಸಿಟ್ಟೇ. ಬಾಯಿಗೆ ಬಂದಂತೆ ಬೈದೆ. "ಏ ಶರಣಪ್ಪಾ, ತಲಿ ಕೆಟ್ಟದೇನೋ ನಿಂದು? ಗಾಡ್ಯಾಗ ಕೂಡು ಅಂದ್ರ ಯಾಕ ಇಳ್ದಿ? ನಿನ್ನ ಕಾಲಿಗಿ ಏನರೆ ಆದ್ರ ವೈನಿಗಿ ನಾ ಏನಂತ ಮಾರಿ ತೋರಸಲಿ?" ಬೈಯುತ್ತ ಬೈಯುತ್ತ ಅತ್ತುಬಿಟ್ಟೆ. ಐವತ್ತರ ಹತ್ತಿರದ ಗಂಡಸು, ಕೆಸರಲ್ಲಿ ಮೊಣಕಾಲೂರಿ ಹೋ ಅಂತ ಅತ್ತೆ.

ಅಣ್ಣನ ಉಸಿರು ನನಗೆ ಕೇಳುತ್ತಿತ್ತು. ಆಮೇಲೆ ಅಂಗಿ ಮೆಲ್ಲಗೆ ತಿರುಗಿತು. ಒಂದು ಹೆಜ್ಜೆ... ಎರಡು... ಕೈ ಮುಂದೆ ಚಾಚಿ ನನ್ನ ಕಡೆ ಬಂದ. ಬೆರಳು ಸಿಕ್ಕವು. ಎಳೆದು ಅಪ್ಪಿಕೊಂಡೆ. ಅವನ ಮೈ ತಣ್ಣಗೆ ಬೆವೆತಿತ್ತು. ಅಂಗಿಗೆಲ್ಲ ಭಜ್ಜಿಯ ವಾಸನೆ.

"ನೀನೇ ಹೌದಲ್ಲೋ?" ಅಂದ ಕಿವಿಯಲ್ಲಿ.

"ನಾನೇ ಅಣ್ಣಾ. ನಾನೇ."

ಆಗ ಆಚೆಯಿಂದ ಅಳು ಕೇಳಿತು. ನಾನು ಈಗಷ್ಟೇ ಅತ್ತಂಥದೇ ಅಳು, ಅದೇ ಬಿಕ್ಕು.

"ಅಣ್ಣಾ... ಅವನ ಜೋಡಿ ಹೋಗಬ್ಯಾಡೋ. ಅವ ನಾ ಅಲ್ಲ. ನನ್ನ ಇಲ್ಲೇ ಬಿಟ್ಟು ಹೋಗಬ್ಯಾಡ..."

ಅಣ್ಣನ ಕೈ ನನ್ನ ಬೆನ್ನ ಮೇಲೆ ಸಡಿಲಾಯಿತು. ನಾನು ಅವನಿಗೆ ಯೋಚಿಸಲು ಬಿಡಲಿಲ್ಲ. ಹೆಗಲಿಗೆ ಹಾಕಿಕೊಂಡು, ಕಡಲೆ ತುಳಿಯುತ್ತ, ಕಂದೀಲಿನ ಬೆಳಕಿನ ಕಡೆ ನಡೆದೇ ನಡೆದೆ. ಹಿಂದೆ ಒಂದು ಹೆಂಟೆ ಬಾವಿಗೆ ಬಿದ್ದಿರಬೇಕು. ಬಹಳ ಹೊತ್ತಿನ ಮೇಲೆ ಗುಳುಂ ಅಂತ ಕೇಳಿತು.

ಗುಡಿಸಲಿನಲ್ಲಿ ವೈನಿ, ಸುತ್ತು ಮುಗಿಯುವಾಗ ಉಕ್ಕಿಸಬೇಕಾದ ಹಾಲನ್ನು ಇಟ್ಟು ಒಲೆಯ ಮುಂದೆ ಕೂತಿದ್ದರು. ನಮ್ಮನ್ನು ನೋಡಿ ಬೆಚ್ಚಿದರು.

"ಇದೇನು ಹಿಂಗ ಬಂದ್ರಿ? ಈಗರೆ ಸುತ್ತು ಮುಗಿಸಿ ಬಂದಿದ್ದಿಯಲ್ಲೋ ಕಾಶಿ. ಗುಡಿಸಲ ಹಿಂದಿಂದ 'ಹಾಲು ಉಕ್ಕೇತೇನ್ರಿ ವೈನಿ' ಅಂದಿ. 'ಹೌದಪ್ಪಾ' ಅಂದೆ. ಅಣ್ಣಗ ಕರಕೊಂಡು ಬರ್ತೀನಿ ಅಂತ ಮತ್ತ ಹೋದಿ."

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಕಂದೀಲು ಎತ್ತಿ ಹಿಡಿದು, ಸಾವಕಾಶ ನೋಡಿದ.

ಮರುದಿನ ಟ್ರ್ಯಾಕ್ಟರ್ ಕಟ್ಟಿ ಗಾಡಿ ಎಳೆಸಿದೆವು. ಬಾವಿಯ ಬಳಿಯ ಹಸಿ ಮಣ್ಣಿನಲ್ಲಿ ಅಣ್ಣನ ಹೆಜ್ಜೆ ಅಂಚಿಗೆ ಗೇಣುದ್ದ ಇರುವವರೆಗೆ ಹೋಗಿ ತಿರುಗಿತ್ತು. ನನ್ನ ಹೆಜ್ಜೆ ಈ ಕಡೆ ಇತ್ತು. ಆಚೆ ಕಡೆ ಏನೂ ಇರಲಿಲ್ಲ. ಬಾವಿಯಲ್ಲಿ ನೀರು ತಿಳಿಯಾಗಿ ನಿಂತಿತ್ತು.

ಯಾಕೆ ಇಳಿದೆ ಅಂತ ಅಣ್ಣನನ್ನು ಕೇಳಿದೆ.

"ನೀನೇ ಬಂದು ಬಾಗಿಲು ತೆಗದಿ. 'ಗಾಡಿ ಹೊಂಡಂಗಿಲ್ಲ ಅಣ್ಣಾ, ನಡದೇ ಮುಗಸಮು, ನಾ ಹಿಡ್ಕೋತೀನಿ' ಅಂದಿ. ಕೈ ಹಿಡ್ಕೊಂಡಿ." ತನ್ನ ಅಂಗೈ ನೋಡಿಕೊಂಡು ಅಂದ. "ಕೈ ಬೆಚ್ಚಗಿತ್ತು."

ಒಬ್ಬ ಗೆಳೆಯ, ಕೆಸರಿನ ಮೇಲೆ ಹಾಯ್ದ ಗಾಳಿಗೆ ಶಬ್ದ ಮರಳಿ ಬರುತ್ತದೆ ಅಂದ. ಇನ್ನೊಬ್ಬ, ಆಪರೇಷನ್ ಆದವರಿಗೆ ಗುಳಿಗೆಯ ಅಮಲಿನಲ್ಲಿ ಹಾಗಾಗುತ್ತದೆ ಅಂದ. ಇರಬಹುದು. ಆದರೆ ನಾನು ಯಾವ ಗುಳಿಗೆ ನುಂಗಿದ್ದೆ?

ಒಂದು ತಿಂಗಳಲ್ಲಿ ಬಾವಿಗೆ ಎದೆಯೆತ್ತರ ಕಟ್ಟೆ ಕಟ್ಟಿಸಿ, ಮೇಲೆ ಕಬ್ಬಿಣದ ಜಾಳಿಗೆ ಹಾಕಿಸಿದೆ. ಅಣ್ಣ ಬೇಡ ಅನ್ನಲಿಲ್ಲ, ಬೇಕೂ ಅನ್ನಲಿಲ್ಲ.

ಆಮೇಲೆ ಒಂದು ದಿನ ಅವನು ಬಸ್ಸು ಹಿಡಿದು ಒಬ್ಬನೇ ನನ್ನ ಅಂಗಡಿಗೆ ಬಂದ. ಕಾಲು ಚೆನ್ನಾಗಿ ಕೂಡಿತ್ತು. ಚಹಾ ತರಿಸಿದೆ. ಕುಡಿಯುತ್ತ, ಎಲ್ಲೋ ನೋಡುತ್ತ ಕೇಳಿದ.

"ಕಾಶ್ಯಾ, ನಿನ್ನ ಏಳನೇತ್ತಿ ಪರೀಕ್ಷಾಕ್ಕ ಸೈಕಲ್ ಮ್ಯಾಲ ಕಲ್ಯಾಣಕ್ಕ ಕರಕೊಂಡು ಹೋಗಿದ್ನಲ್ಲ. ದಾರ್ಯಾಗ ಹಿಂದ ಕೂತು ನನಗ ಒಂದು ಮಾತು ಕೇಳಿದ್ದಿ. ಏನದು?"

ನಾನು ನಕ್ಕೆ. "ಅಣ್ಣಾ, ಮೂವತ್ತೈದು ವರ್ಷದ ಮಾತು. ಯಾರಿಗಿ ನೆನಪಿರ್ತದ?"

"ಹೌದು ಹೌದು" ಅಂತ ಅವನೂ ನಕ್ಕ. ಕಪ್ಪು ಕೆಳಗಿಟ್ಟ. ಎದ್ದು ಕೋಲು ತೆಗೆದುಕೊಂಡು ಬಾಗಿಲವರೆಗೆ ಹೋಗಿ ನಿಂತ. ನನ್ನ ಕಡೆ ತಿರುಗಲಿಲ್ಲ.

"ಅವನಿಗಿ ನೆನಪದ" ಅಂದ. "ಬಾವಿ ಕಟ್ಟಿ ಬಾಜೂಕ್ಕ ಕೂತು ಕೇಳ್ದೆ. ಬರೋಬ್ಬರಿ ಹೇಳ್ದ."

ಅವನು ಹೋದ. ನಾನು ಹಿಂದೆ ಓಡಿ ಬಸ್‌ಸ್ಟ್ಯಾಂಡಿನವರೆಗೂ ಹೋದೆ, ಬಸ್ಸು ಹತ್ತಿಸಿದೆ, ಕೈ ಹಿಡಿದು ಆಣೆ ಕೇಳಿದೆ, ಆ ಕಡೆ ಹೋಗಬೇಡ ಅಂತ. "ಆಯ್ತು ಬಿಡು" ಅಂದ, ಗಿರಾಕಿಗೆ ಅನ್ನುವ ಹಾಗೆ. ಈಗ ದಿನಾ ವೈನಿಗೆ ಫೋನು ಮಾಡುತ್ತೇನೆ. ಸಂಜೆ ಹೊತ್ತು ಹೊಲದ ಕಡೆ ಹೋಗಿ ಬರುತ್ತಾನಂತೆ. ಬರುವಾಗ ಮುಖ ಹಗುರಾಗಿರುತ್ತದಂತೆ.

ರಾತ್ರಿ ನಿದ್ದೆ ಬರುವುದಿಲ್ಲ. ಆ ಸೈಕಲ್ಲು ನೆನಪಿದೆ, ಅದರ ಕ್ಯಾರಿಯರು ನೆನಪಿದೆ, ಮುಂದೆ ತುಳಿಯುತ್ತಿದ್ದ ಅಣ್ಣನ ಬೆವೆತ ಬೆನ್ನು ನೆನಪಿದೆ. ಆ ಬೆನ್ನಿಗೆ ನಾನು ಏನು ಕೇಳಿದ್ದೆ ಅನ್ನುವುದೊಂದೇ, ಎಷ್ಟು ತಲೆ ಕೆಡಿಸಿಕೊಂಡರೂ, ಇವತ್ತಿಗೂ ನೆನಪಾಗಿಲ್ಲ.